ಎರಡನೆಯ ಪೆಟ್ಟು

ನಲವತ್ತೇಳನೇ ನಂಬರಿನ ಕರಿ ಕೋಟು
ಮೆಟ್ಟಿಲಿಳಿಯುತ್ತಲೇ ಶುರು ಮಾಡಿತು:
"ಹ್ರೂಬಿಗೆ ವಯಸ್ಸಾಯಿತು. ನಿಧಾನ, ಬಹಳ ನಿಧಾನ.
ಟ್ರಾಮು ಕೂಡ ನಿಲ್ದಾಣದಲ್ಲಿ ಇಷ್ಟು ಹೊತ್ತು ನಿಲ್ಲದು."

ನರಿ ತುಪ್ಪಟದ ಕೊರಳಪಟ್ಟಿ ಒಪ್ಪಲಿಲ್ಲ.
ಅವಳ ಅಜ್ಜಿ ಹ್ರೂಬಿಯ ಗುರುವಿನ ಗುರುವನ್ನು
ಕಂಡಿದ್ದಳಂತೆ, ಒಮ್ಮೆ, ಕೇಕಿನಂಗಡಿಯಲ್ಲಿ.
ಅಷ್ಟು ಸಾಕು ವಿಯೆನ್ನಾದಲ್ಲಿ ಪರಂಪರೆಗೆ.

ನಿಂತು ಕೇಳುವವರ ಸಾಲಿನಿಂದ ಬಂದ ಹುಡುಗ,
ಜಾಗ ಹಿಡಿಯಲು ಕಂಬಿಗೆ ಕಟ್ಟಿದ್ದ ಮಫ್ಲರು ಕೈಯಲ್ಲಿ,
"ಆತ ಏನೂ ಮಾಡುವುದೇ ಇಲ್ಲ!" ಅಂದ.
ಬೈದನೋ ಹೊಗಳಿದನೋ.
ಕಣ್ಣು ಒದ್ದೆಯಾಗಿತ್ತು. ನೆಗಡಿಯೂ ಇರಬಹುದು.

ನಾನು ನೋಟ್‌ಬುರ್ಗಾ. ಮೂವತ್ತೊಂದು ಚಳಿಗಾಲ
ಇಲ್ಲಿ ಕೋಟು ಕಾದಿದ್ದೇನೆ.
ಒಳಗೆ ಕೂತು ಒಂದನ್ನೂ ಕೇಳಿಲ್ಲ.
ಬಾಗಿಲ ಸಂದಿಯಿಂದ ಬರುವುದು ತಳದ ದನಿ ಮಾತ್ರ:
ಕೊಂಬು, ದೊಡ್ಡ ಪಿಟೀಲು, ಮೇಕೆ ಚರ್ಮದ ನಗಾರಿ.
ಮೇಲಿನ ಕೆನೆಯೆಲ್ಲ ಕಾಸು ಕೊಟ್ಟವರಿಗೆ.

ಆದರೂ ನನಗೊಂದು ಅಭಿಪ್ರಾಯವಿದೆ.
ಯಾರೂ ಕೇಳಿಲ್ಲ, ಹೇಳುತ್ತೇನೆ.

ವಾಲ್ಟ್ಜ್‌ನ ಎರಡನೆಯ ಪೆಟ್ಟು ನಮ್ಮಲ್ಲಿ
ತುಸು ಮುಂಚೆ ಬೀಳುತ್ತದೆ. ಎಷ್ಟು ಮುಂಚೆ?
ಬರೆದಿಟ್ಟಿಲ್ಲ.
ಹೊರಗಿನಿಂದ ಬಂದವರು ತೂಗಿ ಹಾಕುತ್ತಾರೆ,
ಔಷಧದಂಗಡಿಯ ತಕ್ಕಡಿಯಲ್ಲಿಟ್ಟಂತೆ.
ನಮ್ಮೂರವರೇ ಕೆಲವರು ಕಣ್ಣು ಮಿಟುಕಿಸಿ ಹಾಕುತ್ತಾರೆ,
ಪ್ರವಾಸಿಗರಿಗೆ ಗೊಂಬೆ ಮಾರುವವರ ಹಾಗೆ.

ಹ್ರೂಬಿಯದು ಕೋಟು ತೊಡಿಸುವ ವಿದ್ಯೆ.
ಮೊದಲ ತೋಳನ್ನು ಅವರವರೇ ತೂರಿಸಿಕೊಳ್ಳುತ್ತಾರೆ.
ಎರಡನೆಯದಕ್ಕೆ ಕೈ ಬೆನ್ನ ಹಿಂದೆ ತಡಕಾಡುವ ಮೊದಲೇ
ತೋಳು ಅಲ್ಲಿರಬೇಕು, ಬಾಯಿ ತೆರೆದು.
ತೀರಾ ಬೇಗ ಹಿಡಿದರೆ, ನಾನೇನು ಮುದುಕನೇ ಎನ್ನುತ್ತಾರೆ;
ತಡವಾದರೆ ಭುಜ ಉಳುಕುತ್ತದೆ.
ಮೂರನೆಯದು, ಕೊರಳಪಟ್ಟಿ,
ತಾನಾಗಿಯೇ ಬಂದು ಕೂರುತ್ತದೆ.

ಇವತ್ತು, ಕೊನೆಗೆ, ಆ ಪೆಟ್ಟು
ಸಂದಿಯಿಂದ ಬರಲೇ ಇಲ್ಲ.
ಕೈಯಲ್ಲೊಂದು ಶಾಲು ಹಿಡಿದು ನಿಂತೇ ಇದ್ದೆ.
ಆಮೇಲೆ ನಗಾರಿಯ ಕ್ರಿಸ್ಪಿನ್ ಹೇಳಿದ:
"ಬಾರಿಸಿದೆವಲ್ಲ! ಕಡ್ಡಿ ಎತ್ತಲಿಲ್ಲ ಮುದುಕ,
ಗಲ್ಲ ಎತ್ತಿದ, ಇಷ್ಟೇ ಇಷ್ಟು."
ಅವನಿಗೆ ಕೇಳಿದೆ, ನನಗೆ ಕೇಳಿಲ್ಲ.
ಇಬ್ಬರಲ್ಲಿ ಯಾರ ಕಿವಿ ಸರಿಯೋ.

ದೀಪ ಆರಿಸುವಾಗ ಗೂಟದಲ್ಲಿ
ಒಂದೇ ಒಂದು ಉಳಿದಿತ್ತು: ಇನ್ನೂರ ಹನ್ನೆರಡು,
ಮೊಣಕೈ ಸವೆದ, ಹುಡುಗರು ಹಾಕುವಂಥದು.
ಹೊರಗೆ ಹಿಮ. ಮಫ್ಲರು ಕೈಯಲ್ಲೇ ಹಿಡಿದು
ಬರಿ ಅಂಗಿಯಲ್ಲಿ ಹೋಗಿಬಿಟ್ಟಿದ್ದಾನೆ.

ಆಗ ನೆಗಡಿಯಿರಲಿಲ್ಲ ಅವನಿಗೆ.
ಇನ್ನು ಆಗುತ್ತದೆ.