ಕಾಲು ಹಿಡಿಯುವ ಕೆಲಸ

ಕಾಲು ಹಿಡಿದೇ ಹೊಟ್ಟೆ ಹೊರೆದವನು ನಾನು.
ಹೀಗಂದರೆ ಹೆಂಡತಿ ನಗುತ್ತಾಳೆ.
ಹತ್ತೊಂಬತ್ತು ವರ್ಷ, ಇದೇ ಥಿಯೇಟರು,
ಹಸಿರು ಗೌನಿನೊಳಗೆ ಸೀಸದ ಏಪ್ರನ್ನು.
ಮುಖಗಳು ಪರದೆಯ ಆಚೆ.
ನನ್ನ ಪಾಲಿಗೆ ಬರುವುದು ಬರೀ ಕಾಲು.

ಈ ಕಾಲು ಮಂಡಕ್ಕಿ ಭಟ್ಟಿಯದು,
ಲಾರಿ ಮೇಲಿಂದ ಭತ್ತದ ಚೀಲದ ಸಮೇತ ಬಿದ್ದದ್ದು.
ಬಂದ ದಿನ ಮಂಡಿ ಅನ್ನುವುದೇ ಇರಲಿಲ್ಲ ಅಲ್ಲಿ,
ಮಿರಮಿರ ಬಿಗಿದ ಕುಂಬಳಕಾಯಿ.
ಹೊರಗಿನಿಂದ ನಾಲ್ಕು ಮೊಳೆ, ಎರಡು ಸರಳು,
ಇವತ್ತಿಗೆ ಇಷ್ಟೇ ಅಂದರು ಡಾಕ್ಟರು.
ಸುಕ್ಕು ಬರಲಿ.

ಹನ್ನೊಂದು ದಿನ ಕಾದೆವು ಒಂದು ಸುಕ್ಕಿಗೆ.
ದಿನಾ ಚಿವುಟಿ ನೋಡುವುದು, ತಲೆ ಆಡಿಸುವುದು.
'ಇನ್ನೂ ಮುದುಕ ಆಗ್ಲಿಲ್ಲೇನ್ರೀ ಕಾಲು?'
ಕೇಳಿದಳು ಅವನ ಹೆಂಡತಿ ಬೀಬಿಜಾನ್.
ಹನ್ನೆರಡನೇ ಬೆಳಿಗ್ಗೆ
ಹಳೇ ಪಂಚೆಯ ಹಾಗೆ ಮುದುರಿತು ಚರ್ಮ.

ಸೊಂಟದ ಕೆಳಗೆ ಮರಗಟ್ಟಿದೆ, ಮೇಲೆ ಎಚ್ಚರ.
ಪರದೆಯಾಚೆಯಿಂದ ಒಂದೇ ಪ್ರಶ್ನೆ, ಮೂರು ಸಲ:
'ಕುಕ್ಕರುಗಾಲಲ್ಲಿ ಕುಂದ್ರಾಕ್ ಆಗ್ತತೇನ್ರೀ ಸಾರ್?
ಭಟ್ಟಿ ಮುಂದೆ ಕುಂದ್ರಬೇಕು. ನಮಾಜಿಗೂ.'
ಡಾಕ್ಟರು ಉತ್ತರ ಕೊಡಲಿಲ್ಲ.
ಡ್ರಿಲ್ಲಿನ ಬಾಯಿಗೆ ನೀರು ಬಿಡಲು ಹೇಳಿದರು.

ಒಳಗೆ ಕೀಲಿನ ನೆಲ ಕುಸಿದಿತ್ತು,
ಹಗೇವಿನ ಬಾಯಿ ಕುಸಿದ ಹಾಗೆ.
ಕೆಳಗಿನಿಂದ ಸರಳು ಕೊಟ್ಟು ಸುತ್ತಿಗೆಯಲ್ಲಿ
ಟಕ್, ಟಕ್,
ಮಲಗಿದ ಕೂಸನ್ನು ಎಬ್ಬಿಸುವಷ್ಟು ಮೆಲ್ಲಗೆ
ಎತ್ತಿದರು ನೆಲವನ್ನು. ಖಾಲಿ ಬಿದ್ದ ಜಾಗಕ್ಕೆ
ಅವನದೇ ಸೊಂಟದ ಮೂಳೆಯ ಚೂರು,
ತೂತುತೂತು, ಹಗುರ.
ಬಟ್ಟಲಲ್ಲಿ ನೋಡಿದರೆ ಖಾರ ಕಲಸಿದ ಮಂಡಕ್ಕಿ.
ಆವತ್ತು ಸಂಜೆ ನನಗೆ ತಿನ್ನಲಾಗಲಿಲ್ಲ.

ಒಳಮಗ್ಗುಲಿಗೊಂದು ಪಟ್ಟಿ, ಹೊರಮಗ್ಗುಲಿಗೊಂದು,
ಹದಿಮೂರು ಸ್ಕ್ರೂ.
'ಒಂದೂಮುಕ್ಕಾಲು ಗಂಟೆ ಆತು ಸಾರ್,' ಸಿಸ್ಟರ್ ಕೊಟ್ರಮ್ಮ.
ನನ್ನ ಮೊಣಕೈ ನಡುಗುತ್ತಿತ್ತು. ಬಿಟ್ಟರೆ
ಸಾಲಿಗೆ ಬಂದದ್ದು ಸಾಲು ತಪ್ಪುತ್ತದೆ.
ಬಿಡಲಿಲ್ಲ.

ಮುಂದಿನ ಬೇಸಿಗೆ, ಭಟ್ಟಿಗಳ ಬೀದಿಯಲ್ಲಿ
ಲುಂಗಿ ಎತ್ತಿ ಕಟ್ಟಿದ ಕಾಲೊಂದು ಸಿಕ್ಕಿತು.
ಮುಖ ಗೊತ್ತಿಲ್ಲ. ಆ ಎರಡು ಹೊಲಿಗೆ ಗೊತ್ತು.
ಕೂತಿದ್ದ, ಪೂರಾ ಕುಕ್ಕರಿಸಿ ಅಲ್ಲ;
ಕುಂಡಿಯ ಕೆಳಗೆ ಎರಡು ಇಟ್ಟಿಗೆ, ಮಡಿಸಿದ ಗೋಣಿ.
ಕಾದ ಮರಳಲ್ಲಿ ಅಕ್ಕಿ ಚಟಪಟ ಅನ್ನುತ್ತಿತ್ತು.

ಎರಡು ಸೇರು ಅಂದೆ. ಅಳೆದ.
ನಾನು ಯಾರೆಂದು ಕೇಳದೆ
ಮೇಲೊಂದು ಬೊಗಸೆ ಕೊಸರು ಹಾಕಿದ.
ಚೀಲ ಕೊಟ್ಟು, ಏಳುವುದಕ್ಕೆ ಕೈ ಚಾಚಿದ.
ಎಳೆದೆ. ಅಬ್ಬಾ, ಏನು ಭಾರ!
ಕಾಲಿನಷ್ಟೇ ಇರುತ್ತಾನೆ ಅಂದುಕೊಂಡಿದ್ದೆ.