ಸಹಿಯ ಜಾಗ

ಮುರಿದ ಮೂಳೆಗಳ ಲೆಕ್ಕದ ಪುಸ್ತಕದಲ್ಲಿ
ನಾಲ್ಕು ಕಾಲಂ: ಹೆಸರು, ಪ್ರಾಯ, ಮೂಳೆ, ಕಾರಣ.
ಹನ್ನೆರಡು ವರ್ಷದಿಂದ ತುಂಬುತ್ತಿದ್ದೇನೆ
ಕಾರವಾರದ ದೊಡ್ಡಾಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ.
ಉಗುರ ಸಂದಿಗೆ ಮೆತ್ತಿದ ಬಿಳಿ ಹಿಟ್ಟು
ಮೀನು ತೊಳೆದರೂ ಹೋಗುವುದಿಲ್ಲ.

ಇಂಥವಳ ಮುಂದೆ ಮಗಳು
ಒಂದು ಸಂಜೆ ತಟ್ಟೆ ಸರಿಸಿ ಹಾಳೆ ಇಟ್ಟಳು:
ಮೋಟೋಕ್ರಾಸ್ ತರಬೇತಿ.
ಹದಿನೆಂಟು ತುಂಬದವರಿಗೆ
ತಂದೆ ತಾಯಿ ಇಬ್ಬರ ಸಹಿ.

ಆಗೋದಿಲ್ಲ ಅಂದೆ. ಬಂಗಡೆಯ ಮುಳ್ಳು ಬಿಡಿಸುತ್ತಲೇ ಅಂದೆ.
ಅವಳಪ್ಪ ಏನೂ ಅನ್ನಲಿಲ್ಲ.
ಜೂನ್ ತಿಂಗಳು, ಬೋಟು ದಡದಲ್ಲಿ,
ದಡ ಹತ್ತಿದ ಗಂಡಸಿಗೆ ಮಾತು ಕಡಿಮೆ.

ಸಾನಿಕಾ ಅಳಲಿಲ್ಲ, ಊಟ ಬಿಡಲಿಲ್ಲ.
ಬಿಟ್ಟಿದ್ದರೆ ಸುಲಭವಿತ್ತು,
ಎರಡೇ ದಿನಕ್ಕೆ ಹಸಿವು ನನ್ನ ಪರ ವಾದಿಸುತ್ತಿತ್ತು.
ಶನಿವಾರ ಶನಿವಾರ ನನ್ನ ಬುತ್ತಿ ಹಿಡಿದು ಬಂದು
ಪ್ಲಾಸ್ಟರ್ ಕೋಣೆಯ ಬೆಂಚಿನಲ್ಲಿ ಕೂತು
ಬಂದವರನ್ನೆಲ್ಲ ಕೇಳಿದಳು:
ಎಲ್ಲಿ ಬಿದ್ರಿ? ಹೇಗೆ ಬಿದ್ರಿ?

ಜುಲೈ ಹೊತ್ತಿಗೆ ರಫ್ ನೋಟಿನ ಕೊನೆಯ ಪುಟದಲ್ಲಿ ಪಟ್ಟಿ:
ಹೈವೇ, ಮೂವತ್ತೊಂದು.
ಬಚ್ಚಲು, ಒಂಬತ್ತು.
ಬೈತಖೋಲ ಧಕ್ಕೆಯ ಪಾಚಿ, ಆರು.
ತೆಂಗಿನ ಮರ, ನಾಲ್ಕು.
ಮರದಿಂದ ಬಿದ್ದ ಕಾಯಿ, ಒಂದು.
ಗಂಡ, ಎರಡು.
(ಆ ಇಬ್ಬರೂ ನನ್ನ ಪುಸ್ತಕದಲ್ಲಿ
ಮೆಟ್ಟಿಲು ಜಾರಿದವರು.
ಇವಳಿಗೆ ಹೇಗೆ ಹೇಳಿದರೋ.)
ಮೋಟೋಕ್ರಾಸ್, ಸೊನ್ನೆ.

ಸೊನ್ನೆ ಬರದೆ ಇನ್ನೇನು, ಈ ಊರಲ್ಲಿ ಓಡಿಸೋರೇ ಇಲ್ಲ, ಅಂದೆ.
ಹೌದು ಆಯೀ, ಆದರೆ ಅಲ್ಲಿ ಎದುರಿನಿಂದ ಲಾರಿ ಬರೋದಿಲ್ಲ.
ಎಲ್ಲರೂ ಒಂದೇ ದಿಕ್ಕಿಗೆ.
ಬಕೆಟ್ಟಿನಲ್ಲಿ ಹಿಟ್ಟು ಗಟ್ಟಿಯಾಗುತ್ತಿತ್ತು.
ಕೈ ತೊಳೆಯುವ ನೆಪದಲ್ಲಿ ಎದ್ದೆ.

ಭಾನುವಾರ ಹೇಳದೆ ಕೇಳದೆ ಹೋದೆ,
ಕಡವಾಡದ ಆಚೆ ಕಲ್ಲು ಮುಗಿದ ಚಿರೇಕಲ್ಲು ಕ್ವಾರಿಗೆ.
ಚೀಲದಲ್ಲಿ ಕ್ರೇಪ್ ಬ್ಯಾಂಡೇಜು, ಎರಡು ಸ್ಪ್ಲಿಂಟು,
ಬಾಯಲ್ಲಿ ಸಿದ್ಧವಾದ ಬೈಗುಳ.
ಯಾರದೋ ಬೈಕು, ಯಾರದೋ ದೊಡ್ಡ ಬೂಟು,
ಕೆಂಪು ರಾಡಿಯಲ್ಲಿ ನನ್ನ ಮಗಳು
ದಿಬ್ಬ ಹತ್ತಿದಳು, ನೆಲ ಬಿಟ್ಟಳು,
ಇಳಿಯುವಾಗ ಹಿಂದಿನ ಚಕ್ರ ಜಾರಿ
ಬಿದ್ದಳು.

ಬೀಳುವವರನ್ನು ನಾನು ಬಲ್ಲೆ.
ನೆಲವನ್ನೇ ತಡೆದು ನಿಲ್ಲಿಸುವವರಂತೆ ಅಂಗೈ ಚಾಚುತ್ತಾರೆ,
ಮಣಿಕಟ್ಟು ಹೋಗುತ್ತದೆ.
ಇವಳು ಹ್ಯಾಂಡಲ್ ಬಿಟ್ಟಳು,
ಮೊಣಕೈ ಎದೆಗೊತ್ತಿ, ಗದ್ದ ಒಳಗೆಳೆದು,
ಭುಜದ ಮೇಲೆ ಒಂದು ಸುತ್ತು, ಇನ್ನೊಂದು ಸುತ್ತು,
ಎದ್ದು, ಸಿಡುಕುತ್ತ, ಬೈಕಿನತ್ತ ಓಡಿದಳು.
ನಾನು ಬಂದದ್ದು ಅವಳಿಗೆ ಗೊತ್ತೇ ಇರಲಿಲ್ಲ.
ಯಾರು ಕಲಿಸಿದರು ಈ ಬೀಳುವ ವಿದ್ಯೆ?
ಆ ಬೆಂಚಿರಬೇಕು.
ಮಳೆಗಾಲವಿಡೀ ಅವರಿವರ ಬೀಳುವಿಕೆಯನ್ನು
ಕೇಳುತ್ತಾ ಕೂತದ್ದು ಅದಕ್ಕೇ ಇರಬೇಕು.

ಬೋಟು ನೀರಿಗಿಳಿಯುವ ಹಿಂದಿನ ರಾತ್ರಿ
ಮೊದಲು ಕತ್ತಿನ ಪಟ್ಟಿ, ಆಮೇಲೆ ಬೈಕು, ಎಂದು ಹೇಳಿ
ನನ್ನ ಜಾಗದಲ್ಲಿ ಸಹಿ ಹಾಕಿದೆ.
ಅಭ್ಯಾಸಬಲ, ಪೆನ್ನು ಪಕ್ಕದಲ್ಲಿ
ಕಾರಣದ ಕಾಲಂ ಹುಡುಕಿತು.

ಅವಳಪ್ಪ ಹಾಳೆಯನ್ನು ಬಲ್ಬಿನ ಕೆಳಗೆ ಹಿಡಿದು
ಬಹಳ ಹೊತ್ತು ನೋಡಿದ.
ನಾನು ಹದಿನೈದಕ್ಕೆ ಬೋಟು ಹತ್ತಿದಾಗ
ಯಾರೂ ಯಾರ ಸಹಿಯನ್ನೂ ಕೇಳಲಿಲ್ಲ, ಅಂದ.
ಎರಡು ತಿಂಗಳಲ್ಲಿ ಅವನಾಡಿದ ಅತಿ ಉದ್ದದ ಮಾತು.
ದತ್ತಾರಾಮ ತಾಂಡೇಲ ಎಂದು ದಪ್ಪಕ್ಕೆ ಬರೆದು
ಚುಕ್ಕಾಣಿ ತಿರುಗಿಸಿದ ಹಾಗೆ
ಕೆಳಗೊಂದು ಗೆರೆ ಎಳೆದ.

ಮರುದಿನ ಬೆಳಿಗ್ಗೆ
ನನ್ನ ಬೆಂಚಿನಲ್ಲಿ ಮೊದಲನೆಯವನು
ಹೈವೇ.
ಮೂವತ್ತೆರಡು.