ಐವತ್ತಕ್ಕ ಒಂದು

ಗಂಗಾವತಿಯ ಅಂಗಡಿಯಾಗ ಗಾಜಿನ ಹಿಂದ
ಸಾಲಾಗಿ ಕುಂತಿದ್ದವು ಗರಗಸದ ಮಷೀನು.
ಕಿತ್ತಳೆ ಬಣ್ಣ, ಹಲ್ಲಿಗೆಲ್ಲ ಎಣ್ಣಿ,
ಒಬ್ಬರ ಬೆವರೂ ಇನ್ನೂ ತಾಗಿಲ್ಲ.

ಮೌಲಾಸಾಬ ಒಂದು ಹಲ್ಲು ಮುಟ್ಟಿ ನೋಡಿದ
ಎಮ್ಮಿ ಕೊಳ್ಳಾಕ ಬಂದವನಂಗ.
"ಎಷ್ಟು ವರ್ಷದ್ದು?"
"ಹೊಸಾದು ಕಾಕಾ" ಅಂತ ಅಂಗಡಿ ಹುಡುಗ ನಕ್ಕ.
ನಾವು ನಗಲಿಲ್ಲ.
ನಮ್ಮ ಕೈಗೆ ಬಂದದ್ದು ಯಾವುದೂ
ಇಲ್ಲೀತನಕ ಹೊಸಾದು ಇದ್ದಿಲ್ಲ.

ಕೊಡಲಿ ಅವನ ಅಪ್ಪಂದು, ಕಾವು ಮಾತ್ರ ನಾಕು ಸಲ ಬದಲಾಗೇತಿ.
ಹಗ್ಗ ಯಾರದೋ ಬಾವಿದು.
ಏಣಿ ಲೈನ್‌ಮನ್ನರು ಬಿಟ್ಟುಹೋದದ್ದು,
ನಡುವಿನ ಒಂದು ಮೆಟ್ಟಲಿಲ್ಲ;
ಅಲ್ಲಿಗೆ ಬಂದರ ಗ್ಯಾನಪ್ಪನ ಕಾಲು
ತಾನಾಗೇ ಜಿಗೀತೈತಿ.
ನೆಟ್ಟಗಿದ್ದ ಏಣಿ ಹತ್ತಿದರೂ ಜಿಗೀತೈತಿ.

ಹುಡುಗ ಹೇಳಿಕೊಟ್ಟ:
ಪೆಟ್ರೋಲು ಐವತ್ತು ಪಾಲು, ಎಣ್ಣಿ ಒಂದು ಪಾಲು.
ಹೆಚ್ಚಾದರ ಹೊಗಿ, ಕಮ್ಮಿಯಾದರ ಎದಿ ಹಿಡಿದು ಸಾಯ್ತೈತಿ.
ಐದು ಲೀಟರಿಗೆ ನೂರು ಎಂ.ಎಲ್. ಅಂತ
ನಾನು ಅಲ್ಲೇ ಲೆಕ್ಕ ಹಾಕಿದೆ.
ಮನಿಯಾಗ ಮಗನ ಕೆಮ್ಮಿನ ಔಷಧದ ಬಾಟ್ಲಿ ಖಾಲಿ ಐತಿ,
ಅದು ನೂರಕ್ಕ ಸರಿ.

ಸಂಘದ ಸಾಲ ನನ್ನ ಹೆಸರಿಗೆ.
ಮೂವತ್ತಾರು ಕಂತು, ಮೂವತ್ತಾರು ಸಲ
ದುರುಗಮ್ಮ ಅಂತ ಬರೀಬೇಕು ನಾನು.

"ಎಷ್ಟು ಮಂದಿ ಅದೀರಿ?" ಮಾಲೀಕ ಕೇಳಿದ.
"ಐದು."
"ಇದೊಂದಿದ್ದರ ಇಬ್ಬರು ಸಾಕು ನೋಡ್ರಿ!"
ಕೆಚ್ಚಲು ತೋರಿಸಿ ಆಕಳ ಹೊಗಳಿದಂಗ ಹೊಗಳಿದ.
ಹೆಲ್ಮೆಟ್ ಒಂದಕ್ಕಷ್ಟೇ ರೊಕ್ಕ ಸಾಲಿತು. ಹಳದಿದು.
ಕೈಚೀಲ ಪುಕ್ಕಟೆ ಕೊಟ್ಟ.

ಲಾರಿ ಸಿಂಧನೂರಿಂದ ತಂದದ್ದು, ಭತ್ತ ಹೊತ್ತ ಲಾರಿ.
ಹಲಗಿ ಸಂದಿನಾಗ ಇನ್ನೂ ನಾಕು ಮೊಳಕಿ ಹಸರಾಗಿದ್ದವು.
ಹಿಂದ ಬರದಿತ್ತು: ತಾಯಿಯ ಆಶೀರ್ವಾದ.
"ಅಳಿಸಲೇನು?" ಅಂದ ಸೋಮ್ಲಾ.
"ಇರಲಿ ಬಿಡು, ಯಾವಾಕಿದೋ ಒಬ್ಬಾಕಿದು."

ಮೂರು ಮಂದಿ ಕೂಡ್ರೋ ಜಾಗದಾಗ ಐದು ಮಂದಿ.
ಕಾರಟಗಿ ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ.
ಇಬ್ಬರು ಸಾಕು, ಇಬ್ಬರು ಸಾಕು ಅಂತ
ಲಾರಿಯ ಹಳೇ ಬಾಗಲು ಬಡಕೊಳ್ಳುತಿತ್ತು.
ಹುಲಗಪ್ಪ ಹೊಸ ಮಷೀನು ತೊಡಿಮ್ಯಾಲ ಇಟ್ಟುಕೊಂಡಿದ್ದ,
ಕೂಸಿನಂಗಲ್ಲ,
ಯಾರರ ಕಸಗೊಂಡಾರು ಅನ್ನೋವಂಗ.

ಮರುದಿನ ಕಾಲುವಿ ದಂಡಿ. ಆಳೆತ್ತರ ಬಳ್ಳಾರಿ ಜಾಲಿ.
ಹುಲಗಪ್ಪ ಎಳದ, ಚಾಲೂ ಆಗಲಿಲ್ಲ.
ಗ್ಯಾನಪ್ಪ ಎಳದ. ಸೋಮ್ಲಾ ಎಳದು ಬೈದ.
ನಾನು ಎಳದೆ,
ಕೊಡಪಾನ ಜಗ್ಗಿದ ತೋಳು ನಂದು.
ಗುರ್ ಅಂತು.
ಕಾಲುವಿಯಾಗಿನ ಬೆಳ್ಳಕ್ಕಿ ಒಮ್ಮೆಗೇ ಎದ್ದವು.

ಮಧ್ಯಾಹ್ನತನಕ ಹಿಡಿಯೋ ಬೊಡ್ಡಿ
ಮೌಲಾಸಾಬನ ಬೀಡಿ ಮುಗಿಯೂದರಾಗ ಮಲಗಿತು.
ಅವ ಬೊಡ್ಡಿ ನೋಡಲಿಲ್ಲ,
ಉಳಿದ ಬೀಡಿ ನೋಡಿದ.
ಗೋಣಿಚೀಲದಾಗ ಸುತ್ತಿ ಕೊಡಲಿನೂ ತಂದಿದ್ದ.
ಯಾಕ ಅಂತ ಯಾರೂ ಕೇಳಲಿಲ್ಲ.

ಹತ್ತು ಗಂಟೆಕ್ಕ ದಂಡಿಯೆಲ್ಲ ಮುಳ್ಳಿನ ಗುಡ್ಡ.
ಅದನ್ನ ಎಳಿಯೋ ಮಷೀನು ಆ ಅಂಗಡಿಯಾಗ ಇರಲಿಲ್ಲ.
ಐದೂ ಮಂದಿ ಎಳದ್ವಿ.
ಕೈಚೀಲ ಯಾರಿಗೂ ಸರಿಹೋಗಲಿಲ್ಲ, ಬರೇ ಕೈಲೆ ಎಳದ್ವಿ,
ಎಳದಷ್ಟೂ ಹಿಂದ ಮುಳ್ಳು, ಮುಂದ ಮುಳ್ಳು.
ಕಡಿದ ಬುಡ ಮಳಿಗಾಲಕ್ಕ ಮತ್ತ ಚಿಗಿತೈತಿ, ನನಗ ಗೊತ್ತು.
ಜಾಲಿಗೆ ನಾಚಿಕಿಲ್ಲ.
ಮೂವತ್ತಾರು ಕಂತಿಗೆ ಅದರದೇ ಜಾಮೀನು.

ಹುಲಗಪ್ಪ ಕ್ಯಾಂಪಿನಿಂದ ಮಂಡಕ್ಕಿ ಒಗ್ಗರಣಿ ತಂದ.
ತಾಟು ಮರೆತು ಬಂದಿದ್ದ.
ಹಳದಿ ಹೆಲ್ಮೆಟ್ ಬೋರಲು ತಿರುಗಿಸಿ, ಪೇಪರ್ ಹಾಸಿ,
ಅದರಾಗೇ ಸುರುವಿ ಸುತ್ತ ಕುಂತ್ವಿ.
ಎಲ್ಲರ ಕೈಗೂ ಪೆಟ್ರೋಲ್ ನಾತ.

ಒಂಬತ್ತು ಮಿರ್ಚಿ, ಐದು ಮಂದಿ.
ಈ ಲೆಕ್ಕ ಆ ಹುಡುಗ ಹೇಳಿಕೊಟ್ಟಿರಲಿಲ್ಲ.